ಬೀದಿಗೆ ಬಿದ್ದ ಅಣ್ಣ: ಮೊದಲು ಸೂರೋ, ಕುಡಿತ ಬಿಡಿಸುವುದೋ?

ಪ್ರಶ್ನೆ: ನನ್ನ ಅಣ್ಣನಿಗೆ ಈಗ 44 ವರ್ಷ. ಒಳ್ಳೆಯ ಎಲೆಕ್ಟ್ರಿಷಿಯನ್ ಆಗಿದ್ದವನು. ಹದಿನೈದು ವರ್ಷದ ಕುಡಿತ. ಅತ್ತಿಗೆ ಮಕ್ಕಳನ್ನು ಕರೆದುಕೊಂಡು ಹೋದ ಮೇಲೆ ಬಾಡಿಗೆ ಮನೆಯೂ ಕೈಬಿಟ್ಟಿತು. ಎರಡು ವರ್ಷದಿಂದ ಬಸ್ ನಿಲ್ದಾಣ, ಅಂಗಡಿ ಜಗಲಿ ಎಂದು ಸಿಕ್ಕಲ್ಲಿ ಮಲಗುತ್ತಿದ್ದ. ಎರಡು ಸಲ ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸಿದೆವು, ಎರಡು ಸಲವೂ ಹೊರಬಂದ ಹದಿನೈದು ದಿನದೊಳಗೆ ಮತ್ತೆ ಶುರು. ಈಗ ರಾತ್ರಿ ತಂಗುದಾಣವೊಂದರಲ್ಲಿದ್ದಾನೆ. ಅಲ್ಲಿನ ಕಾರ್ಯಕರ್ತೆಯೊಬ್ಬರು ಅವನಿಂದ ನನಗೆ ಫೋನ್ ಮಾಡಿಸಿದರು. "ಸೋಮವಾರದಿಂದ ಒಂದು ಹನಿಯೂ ಮುಟ್ಟಲ್ಲ, ಆಸ್ಪತ್ರೆ ಮಾತ್ರ ಬೇಡ" ಅನ್ನುತ್ತಾನೆ. ಮನೆಗೆ ಕರೆತರುವುದು ನನ್ನ ಗಂಡನಿಗೆ ಇಷ್ಟವಿಲ್ಲ, ಮಕ್ಕಳು ಚಿಕ್ಕವರು. ಊಟದಲ್ಲಿ ಗೊತ್ತಾಗದಂತೆ ಬೆರೆಸುವ ಪುಡಿ ಸಿಗುತ್ತದೆ ಎಂದು ಪರಿಚಯದವರೊಬ್ಬರು ಹೇಳುತ್ತಿದ್ದಾರೆ. ಅವನ ಸರ್ಟಿಫಿಕೇಟುಗಳು, ಕೆಲಸದ ಸಾಮಾನಿನ ಪೆಟ್ಟಿಗೆ ನನ್ನ ಹತ್ತಿರ ಇವೆ. ಅದನ್ನು ಕೊಡು ಅಂತಲೂ ಕೇಳುತ್ತಿದ್ದಾನೆ. ನಾನೇನು ಮಾಡಲಿ?

ಉತ್ತರ: ಸೋಮವಾರದ ಮಾತನ್ನು ಮೊದಲು ಮುಗಿಸಿಬಿಡೋಣ, ಉಳಿದದ್ದಕ್ಕೆ ಸಮಯವಿದೆ.

ಅಣ್ಣ ಒಂದೇ ಏಟಿಗೆ ನಿಲ್ಲಿಸುವುದು ಬೇಡ. ನೀವು ವರ್ಷಗಟ್ಟಲೆ ಯಾವ ಮಾತು ಕೇಳಲು ಕಾದಿದ್ದಿರೋ ಅದನ್ನೇ ಅವನು ಹೇಳುತ್ತಿರುವಾಗ ನಾನು ಅಡ್ಡ ಬರುತ್ತಿದ್ದೇನೆ ಅನ್ನಿಸಬಹುದು. ಆದರೆ ಹದಿನೈದು ವರ್ಷ ದಿನವೂ ಕುಡಿದ ಮೈ ಮದ್ಯಕ್ಕೆ ತಕ್ಕಂತೆ ತನ್ನ ನರಗಳನ್ನು ಬಿಗಿಮಾಡಿಕೊಂಡಿರುತ್ತದೆ. ಮದ್ಯ ಮಿದುಳನ್ನು ಮಂಕು ಮಾಡುತ್ತದೆ, ಮಿದುಳು ಅದಕ್ಕೆ ಎದುರಾಗಿ ಸದಾ ಹುರಿಗಟ್ಟಿ ನಿಂತಿರುತ್ತದೆ. ಮದ್ಯವನ್ನು ಫಕ್ಕನೆ ತೆಗೆದರೆ ಆ ಬಿಗಿತಕ್ಕೆ ಎದುರೇ ಇಲ್ಲದಂತಾಗುತ್ತದೆ. ಕೊನೆಯ ಗುಟುಕಿನ ನಂತರ ಆರೆಂಟು ಗಂಟೆಗೆ ಕೈ ನಡುಕ, ಬೆವರು, ವಾಂತಿ. ಮೊದಲ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡನೇ ದಿನದಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಸನ್ನಿ ಹಿಡಿಯುತ್ತದೆ: ಇಲ್ಲದ ಹುಳ ಗೋಡೆಯ ಮೇಲೆ ಕಾಣುತ್ತದೆ, ದಿನ ಯಾವುದು, ಜಾಗ ಯಾವುದು ತಿಳಿಯುವುದಿಲ್ಲ, ಜ್ವರ ಏರುತ್ತದೆ, ಎದೆಬಡಿತ ಹದ ತಪ್ಪುತ್ತದೆ. ಚಿಕಿತ್ಸೆ ಇಲ್ಲದಿದ್ದರೆ ಇದರಲ್ಲಿ ಜೀವ ಹೋಗಬಹುದು. ಹೆರಾಯಿನ್‌ನಂಥದ್ದನ್ನು ನಿಲ್ಲಿಸುವಾಗ ಯಾತನೆ ಇದಕ್ಕಿಂತ ಘೋರವಾಗಿ ಕಾಣುತ್ತದೆ, ಆದರೆ ಆ ನಿಲ್ಲಿಸುವಿಕೆ ಒಂದರಿಂದಲೇ ಸಾಯುವವರು ಅಪರೂಪ. ಮದ್ಯ ಹಾಗಲ್ಲ.

ಆದ್ದರಿಂದ ಅವನಿಗೆ ಹೀಗೆ ಹೇಳಿ: "ಸೋಮವಾರ ಬಿಡುವ ಕೆಲಸ ಡಾಕ್ಟರ ಮುಂದೆ ಶುರುವಾಗಲಿ. ಅಲ್ಲಿವರೆಗೆ ಮೈ ನಡುಗದಷ್ಟು ಕುಡಿದರೂ ನಾನು ಬಯ್ಯಲ್ಲ." ತಂಗಿಯ ಬಾಯಿಂದ ಈ ಮಾತು ಬರುವುದು ಕಷ್ಟ, ನನಗೆ ಗೊತ್ತು. ವೈದ್ಯರು ನರಗಳ ಆ ಬಿಗಿತ ಸಡಿಲಿಸುವ ಡಯಜೆಪಾಮ್ ಅಥವಾ ಕ್ಲೋರ್‌ಡಯಜೆಪಾಕ್ಸೈಡ್ ಮಾತ್ರೆಯನ್ನು ಮೊದಲ ದಿನ ಹೆಚ್ಚು ಕೊಟ್ಟು, ಸುಮಾರು ಒಂದು ವಾರದಲ್ಲಿ ಇಳಿಸುತ್ತಾ ನಿಲ್ಲಿಸುತ್ತಾರೆ. ಯಕೃತ್ತು ತೀರಾ ಕೆಟ್ಟಿದ್ದರೆ ಲೊರಾಜೆಪಾಮ್ ಆರಿಸುತ್ತಾರೆ. ಈ ಮಾತ್ರೆಗಳನ್ನು ಅಂಗಡಿಯಿಂದ ತಂದು ನೀವೇ ಕೊಡುವುದು ಬೇಡ. ಇದರ ಮೇಲೆ ಮದ್ಯವೂ ಬಿದ್ದರೆ ಉಸಿರೇ ನಿಲ್ಲಬಹುದು.

ಆಸ್ಪತ್ರೆಗೆ ಹೋದಾಗ ನೀವು ಬಾಯಿಬಿಟ್ಟು ಕೇಳಬೇಕಾದ ಇನ್ನೊಂದು ವಿಷಯ ಬಿ1 ವಿಟಮಿನ್, ಅಂದರೆ ಥಯಾಮಿನ್. ಕುಡಿದು, ಹೊಟ್ಟೆಗಿಲ್ಲದೆ, ಬೀದಿಯಲ್ಲಿ ಎರಡು ವರ್ಷ ಕಳೆದವನ ಮೈಯಲ್ಲಿ ಇದು ಬರಿದಾಗಿರುತ್ತದೆ. ಇದು ಇಲ್ಲದಿದ್ದರೆ ಮಿದುಳಿಗೆ ನೇರ ಪೆಟ್ಟು: ಗೊಂದಲ, ಕಣ್ಣುಗುಡ್ಡೆಗಳ ವಿಚಿತ್ರ ಓಡಾಟ, ನಡೆಯುವಾಗ ತೂರಾಟ. 1881ರಲ್ಲಿ ಕಾರ್ಲ್ ವೆರ್ನಿಕೆ ಎಂಬ ವೈದ್ಯ ಇದನ್ನು ಮೊದಲು ವಿವರಿಸಿದ. ಇಂದಿಗೂ ಇದು ಕಣ್ತಪ್ಪುತ್ತದೆ, ಏಕೆಂದರೆ ತೂರಾಡುವವನನ್ನು ಕಂಡರೆ ಎಲ್ಲರೂ "ಕುಡಿದಿದ್ದಾನೆ" ಎಂದು ಮುಂದೆ ಹೋಗುತ್ತಾರೆ. ಬರಿಯ ಗ್ಲೂಕೋಸ್ ಡ್ರಿಪ್ ಹಾಕಿ ಕಳಿಸುವುದು ಸಾಲದು, ಥಯಾಮಿನ್ ಅದಕ್ಕಿಂತ ಮೊದಲು ಅಥವಾ ಜೊತೆಗೇ ಹೋಗಬೇಕು. ಆತ ಎಲ್ಲಾದರೂ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡಿದ್ದನೇ ಎನ್ನುವುದನ್ನೂ ಕೇಳಿ ತಿಳಿದು ವೈದ್ಯರಿಗೆ ಹೇಳಿ. ತಲೆಯೊಳಗೆ ನಿಧಾನಕ್ಕೆ ಜಿನುಗಿದ ರಕ್ತವೂ ಹೊರಗಿನಿಂದ ನೋಡಲು ಅಮಲಿನಂತೆಯೇ ಇರುತ್ತದೆ.

ಇನ್ನು ಆ ಪುಡಿ. ದಯವಿಟ್ಟು ಬೇಡ. ಅದರಲ್ಲಿ ಏನಿದೆ ಎಂದು ಮಾರುವವನಿಗೂ ಗೊತ್ತಿರುವುದಿಲ್ಲ. ಅಕಸ್ಮಾತ್ ಡೈಸಲ್ಫಿರಾಮ್ ಇದ್ದರೆ ಇನ್ನೂ ಅಪಾಯ. ಅದು 1940ರ ದಶಕದ ಕೊನೆಯಲ್ಲಿ ಡೆನ್ಮಾರ್ಕಿನಿಂದ ಬಳಕೆಗೆ ಬಂದ ನಿಜವಾದ ಔಷಧ. ಅದನ್ನು ತೆಗೆದುಕೊಂಡು ಕುಡಿದರೆ ಮುಖ ಕೆಂಪೇರುತ್ತದೆ, ವಾಂತಿ ಕಿತ್ತುಕೊಂಡು ಬರುತ್ತದೆ, ರಕ್ತದೊತ್ತಡ ಕುಸಿಯುತ್ತದೆ. "ಕುಡಿದರೆ ಹೀಗಾಗುತ್ತದೆ" ಎಂದು ತಿಳಿದು, ಒಪ್ಪಿ ನುಂಗಿದವನಿಗೆ ಆ ಭಯವೇ ಮದ್ದು. ತಿಳಿಯದೆ ನುಂಗಿದವನಿಗೆ ಅದು ವಿಷ. ಇನ್ನೊಂದು ನಷ್ಟವೂ ಇದೆ. ತಂಗಿ ಕೊಟ್ಟ ಅನ್ನವನ್ನೂ ನಂಬುವಂತಿಲ್ಲ ಎಂದು ಅವನಿಗೆ ಒಮ್ಮೆ ಅನ್ನಿಸಿದರೆ, ಉಳಿದಿರುವ ಒಂದೇ ಎಳೆಯೂ ಹರಿದಂತೆ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರುತ್ತೇನೆ. ನೀವು ಅದನ್ನು ಎಲ್ಲೂ ನೇರವಾಗಿ ಕೇಳಿಲ್ಲ, ಆದರೆ ಪತ್ರದ ತುಂಬಾ ಅದೇ ಇದೆ: ಎರಡು ಸಲ ಸೋತವನು ಮೂರನೇ ಸಲ ಏಕೆ ಗೆಲ್ಲುತ್ತಾನೆ?

ವ್ಯಸನ ಚಿಕಿತ್ಸೆಯ ಸಾಮಾಜಿಕ ಕಾರ್ಯಕರ್ತನಾಗಿ ಇಷ್ಟು ವರ್ಷ ನೋಡಿದ್ದರಿಂದ ಒಂದು ಮಾತು ಧೈರ್ಯವಾಗಿ ಹೇಳಬಲ್ಲೆ. ಎರಡು ಸಲವೂ ಅವನು ಸೋತದ್ದು ಕೇಂದ್ರದ ಒಳಗಲ್ಲ, ಕೇಂದ್ರದ ಗೇಟಿನ ಹೊರಗೆ. ಅಂದು ಸಂಜೆ ಅವನು ಎಲ್ಲಿಗೆ ಹೋದ? ಕೈಯಲ್ಲಿ ಡಿಸ್ಚಾರ್ಜ್ ಚೀಟಿ, ಒಂದು ಚೀಲ, ಮಲಗಲು ಅದೇ ಜಗಲಿ. ಜಗಲಿಯಲ್ಲಿ ಕುಡಿತ ಬರಿಯ ಚಟವಾಗಿ ಉಳಿದಿರುವುದಿಲ್ಲ, ಅದಕ್ಕೆ ಅಲ್ಲಿ ನೂರೆಂಟು ಕೆಲಸ. ಗದ್ದಲದ ನಡುವೆ ನಿದ್ದೆ ಬರಿಸಬೇಕು, ಯಾರು ಒದೆಯುತ್ತಾರೋ ಎಂಬ ಹೆದರಿಕೆ ಮರೆಸಬೇಕು, ಹಸಿವು ಅಡಗಿಸಬೇಕು, ಪಕ್ಕದಲ್ಲಿ ಮಲಗುವವರ ಸ್ನೇಹ ಉಳಿಸಿಕೊಡಬೇಕು. ಚಳಿ ಕಾಯಿಸುತ್ತದೆ ಎಂದೂ ನಂಬುತ್ತಾರೆ, ಅದು ಮಾತ್ರ ಸುಳ್ಳು. ಮದ್ಯ ಚರ್ಮದ ರಕ್ತನಾಳಗಳನ್ನು ಅಗಲಿಸುವುದರಿಂದ ಮೈ ಬಿಸಿಯೆನಿಸುತ್ತದೆ, ಒಳಗಿನ ಶಾಖ ಹೊರಗೆ ಸೋರಿಹೋಗುತ್ತಿರುತ್ತದೆ. ಇಷ್ಟೆಲ್ಲ ಕೆಲಸ ಮಾಡುವ ಬಾಟಲಿಯನ್ನು ಕಿತ್ತುಕೊಂಡು, ಆ ಕೆಲಸಗಳಿಗೆ ಬೇರೆ ಏರ್ಪಾಡು ಮಾಡದೆ ಅದೇ ಜಾಗಕ್ಕೆ ಬಿಟ್ಟುಬಂದರೆ ಹದಿನೈದು ದಿನ ತಡೆದದ್ದೇ ಹೆಚ್ಚು. ನಿಮ್ಮ ಅಣ್ಣನ ಆ ಹದಿನೈದು ದಿನಗಳನ್ನು ನಾನು ಸೋಲಿನ ಲೆಕ್ಕಕ್ಕೆ ಹಾಕುವುದಿಲ್ಲ.

"ಮೊದಲು ಕುಡಿತ ಬಿಡಲಿ, ಆಮೇಲೆ ಮನೆ ನೋಡೋಣ" ಎಂಬುದು ನ್ಯಾಯವಾಗಿ ಕೇಳಿಸುತ್ತದೆ. ಸೇವಾ ಸಂಸ್ಥೆಗಳೂ ಬಹುಕಾಲ ಹಾಗೇ ನಡೆದವು. ಮೊದಲು ತಂಗುದಾಣ, ನೆಟ್ಟಗಿದ್ದರೆ ಹಾಸ್ಟೆಲು, ಅಲ್ಲೂ ನೆಟ್ಟಗಿದ್ದರೆ ಕೋಣೆ. ಒಂದು ಮೆಟ್ಟಿಲು ಜಾರಿದರೆ ಮತ್ತೆ ಕೆಳಗಿನಿಂದ. 1992ರಲ್ಲಿ ನ್ಯೂಯಾರ್ಕಿನಲ್ಲಿ ಸ್ಯಾಮ್ ಸೆಂಬೆರಿಸ್ ಎಂಬ ಮನಶ್ಶಾಸ್ತ್ರಜ್ಞ ಇದನ್ನು ತಲೆಕೆಳಗು ಮಾಡಿದರು. ಬೀದಿಯಲ್ಲಿದ್ದ ಮನೋರೋಗಿಗಳಿಗೆ, ಕುಡುಕರಿಗೆ, ಯಾವ ಪರೀಕ್ಷೆಯನ್ನೂ ಒಡ್ಡದೆ ಮೊದಲೇ ಬಾಡಿಗೆ ಮನೆಯ ಬೀಗದ ಕೈ ಕೊಟ್ಟು, ಚಿಕಿತ್ಸೆಯ ತಂಡವನ್ನು ಅವರ ಬಾಗಿಲಿಗೇ ಕಳಿಸಿದರು. ಇದಕ್ಕೆ "ಹೌಸಿಂಗ್ ಫಸ್ಟ್" ಎಂಬ ಹೆಸರು ಬಂತು. 2008ರಿಂದ ಫಿನ್‌ಲ್ಯಾಂಡ್ ಇದನ್ನೇ ದೇಶದ ನೀತಿ ಮಾಡಿಕೊಂಡು, ಸಾಲು ಮಂಚಗಳ ತಂಗುದಾಣಗಳನ್ನು ಒಬ್ಬೊಬ್ಬರ ಹೆಸರಿನ ಬಾಡಿಗೆ ಮನೆಗಳಾಗಿ ಬದಲಿಸಿತು. ಕೆನಡಾದಲ್ಲಿ 2009ರಿಂದ ಐದು ನಗರಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರ ಮೇಲೆ ಇದನ್ನು ಚೀಟಿ ಎತ್ತಿದಂತೆ ಗುಂಪು ಮಾಡಿ ಪರೀಕ್ಷಿಸಿದರು. ಕೊನೆಯ ಆರು ತಿಂಗಳಲ್ಲಿ, ಹೀಗೆ ಮನೆ ಸಿಕ್ಕವರಲ್ಲಿ ನೂರಕ್ಕೆ 62 ಮಂದಿ ಪೂರ್ತಿ ಅವಧಿ ಸೂರಿನಡಿಯೇ ಇದ್ದರು, ಎಂದಿನ ಸೇವೆಯಷ್ಟೇ ಪಡೆದವರಲ್ಲಿ 31.

ಇಲ್ಲೊಂದು ಮಾತು ಮುಚ್ಚಿಡಬಾರದು. ಅದೇ ಕೆನಡಾದ ಅಧ್ಯಯನದಲ್ಲಿ ಕುಡಿತ ಎರಡೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಒಂದೇ ಥರ ಇಳಿಯಿತು. ಅಂದರೆ ಸೂರು ಬೀದಿವಾಸವನ್ನು ನಿಲ್ಲಿಸುತ್ತದೆ, ಕುಡಿತವನ್ನು ತಾನಾಗಿಯೇ ನಿಲ್ಲಿಸುವುದಿಲ್ಲ. ಕುಡಿತಕ್ಕೆ ಕುಡಿತದ ಚಿಕಿತ್ಸೆಯೇ ಬೇಕು. ಆದರೆ ಆ ಚಿಕಿತ್ಸೆ ನಿಲ್ಲಲು ನೆಲ ಬೇಕಲ್ಲ. ಒಂದು ಸಣ್ಣ ಉದಾಹರಣೆ. ಕುಡಿತದ ಸೆಳೆತ ತಗ್ಗಿಸಲು ಅಕಾಂಪ್ರೊಸೇಟ್ ಎಂಬ ಒಳ್ಳೆಯ ಮಾತ್ರೆ ಇದೆ. ಹೊತ್ತಿಗೆ ಎರಡರಂತೆ ದಿನಕ್ಕೆ ಆರು ಮಾತ್ರೆ. ಬೆಳಿಗ್ಗೆ ಏಳಕ್ಕೆ ಎಬ್ಬಿಸಿ ಹೊರಗೆ ಕಳಿಸುವ ತಂಗುದಾಣದಲ್ಲಿ ಮಲಗುವವನು ತಿಂಗಳ ಮಾತ್ರೆಯನ್ನು ಎಲ್ಲಿ ಇಟ್ಟುಕೊಳ್ಳುತ್ತಾನೆ? ನಾನು ನೋಡಿಕೊಳ್ಳುತ್ತಿದ್ದ ಒಬ್ಬರು ಮೂರು ಸಲ ಮಾತ್ರೆ ಕಳೆದುಕೊಂಡರು, ಮೂರು ಸಲವೂ ಚೀಲದ ಸಮೇತ. "ಸಹಕರಿಸುವುದಿಲ್ಲ" ಎಂದು ಅವರ ಫೈಲಿನಲ್ಲಿ ಬರೆದವನು ನಾನೇ. ಬೀಗ ಹಾಕುವ ಒಂದು ಕಪಾಟು ಸಿಕ್ಕ ಮೇಲೆ ಅದೇ ಮನುಷ್ಯ ಒಂದು ಹೊತ್ತೂ ತಪ್ಪಿಸಲಿಲ್ಲ. ಆ ಫೈಲಿನ ಸಾಲನ್ನು ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಬೇಕಾಯಿತು.

ನಿಮ್ಮ ಅಣ್ಣನಂಥವರಿಗೆ ದಿನಕ್ಕೊಂದೇ ಮಾತ್ರೆ ಸಾಕಾಗುವ ನಾಲ್ಟ್ರೆಕ್ಸೋನ್ ಹೊಂದಬಹುದು, ಕೆಲವೆಡೆ ಅದರ ತಿಂಗಳ ಇಂಜೆಕ್ಷನ್ನೂ ಸಿಗುತ್ತದೆ. ಯಕೃತ್ತು ನೋಡಿ ವೈದ್ಯರು ನಿರ್ಧರಿಸಲಿ. ಓಪಿಯಮ್ ಜಾತಿಯ ನೋವಿನ ಮಾತ್ರೆಯನ್ನೋ ಹೆರಾಯಿನ್‌ನಂಥ ಅಮಲನ್ನೋ ಜೊತೆಗೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ಮುಚ್ಚಿಡದೆ ಹೇಳಬೇಕು, ಏಕೆಂದರೆ ನಾಲ್ಟ್ರೆಕ್ಸೋನ್ ಆಗ ಒಮ್ಮೆಗೇ ಯಾತನೆ ಎಬ್ಬಿಸುತ್ತದೆ. (ಇದನ್ನು ಓದುತ್ತಿರುವ ಬೇರೆಯವರ ಮನೆಯಲ್ಲಿ ಸಮಸ್ಯೆ ಹೆರಾಯಿನ್ ಆಗಿದ್ದರೆ ಒಂದು ಎಚ್ಚರ. ಕೆಲವು ವಾರ ಬಿಟ್ಟವರ ಮೈ ಹಳೆಯ ಪ್ರಮಾಣವನ್ನು ತಾಳುವ ಶಕ್ತಿ ಕಳೆದುಕೊಂಡಿರುತ್ತದೆ. ಹೊರಬಂದ ಮೊದಲ ದಿನಗಳಲ್ಲಿ ಹಳೆಯ ಲೆಕ್ಕದಲ್ಲೇ ತೆಗೆದುಕೊಂಡು ಸಾಯುವವರಿದ್ದಾರೆ. ಅವರಿಗೆ ಹೆರಾಯಿನ್‌ಗೆ ಬದಲಾಗಿ ವೈದ್ಯರು ಕೊಡುವ ಬುಪ್ರೆನಾರ್ಫಿನ್ ಅಥವಾ ಮೆಥಡೋನ್ ಔಷಧ ಮುಂದುವರಿಸುವುದೇ ರಕ್ಷಣೆ. "ಒಂದು ಅಮಲು ಬಿಡಿಸಿ ಇನ್ನೊಂದು ಕೊಡುತ್ತಾರೆ" ಎಂಬ ಮಾತಿಗೆ ಕಿವಿಗೊಡಬೇಡಿ.)

ಹಾಗಾದರೆ ಸೂರು ಎಂದರೆ ನಿಮ್ಮ ಮನೆಯೇ? ಅಲ್ಲ. ಈ ವಿಷಯದಲ್ಲಿ ನಿಮ್ಮ ಯಜಮಾನರ ಮಾತಿನಲ್ಲಿ ತಪ್ಪು ಹುಡುಕಲಾರೆ. ಚಿಕ್ಕ ಮಕ್ಕಳಿರುವ ಮನೆಗೆ, ಚಿಕಿತ್ಸೆಯ ಹಾದಿ ಇನ್ನೂ ಹಿಡಿಯದವನನ್ನು ತಂದಿಟ್ಟುಕೊಂಡರೆ ಮೂರು ವಾರದಲ್ಲಿ ಜಗಳ, ನಾಲ್ಕನೇ ವಾರ ಅವನು ಮತ್ತೆ ಬೀದಿಗೆ. ಈ ಸಲ "ತಂಗಿಯೂ ಹೊರಹಾಕಿದಳು" ಎಂಬ ಕಾರಣವೂ ಜೇಬಿನಲ್ಲಿರುತ್ತದೆ. ಕರೆದುಕೊಳ್ಳಲಾಗದ್ದಕ್ಕೆ ನಿಮ್ಮನ್ನು ನೀವೇ ಕೊರೆದುಕೊಳ್ಳಬೇಡಿ. ಬೇಕಾದದ್ದು ಅವನದೇ ಒಂದು ಜಾಗ, ಸಣ್ಣದಾದರೂ ಸರಿ, ಮತ್ತು ವಾರಕ್ಕೊಮ್ಮೆ ಅಲ್ಲಿಗೆ ಬರುವ ನೀವು.

ಆ ಜಾಗದ ದಾರಿ ಗೊತ್ತಿರುವುದು ನಿಮಗೆ ಫೋನ್ ಮಾಡಿಸಿದ ಆ ಕಾರ್ಯಕರ್ತೆಗೆ. ನಿಮ್ಮ ಪತ್ರದಲ್ಲಿ ಅವರು ಅರ್ಧ ಸಾಲಿನಲ್ಲಿ ಬಂದುಹೋಗಿದ್ದಾರೆ, ನನಗೆ ಮಾತ್ರ ಇಡೀ ಪತ್ರದಲ್ಲಿ ಎಲ್ಲಕ್ಕಿಂತ ಒಳ್ಳೆಯ ಸುದ್ದಿ ಅವರೇ. ಎರಡು ವರ್ಷ ಯಾರ ಕೈಗೂ ಸಿಗದವನನ್ನು ಕೂರಿಸಿ ತಂಗಿಗೆ ಫೋನ್ ಮಾಡಿಸಬೇಕಾದರೆ ಎಷ್ಟು ಸಂಜೆ ಸುಮ್ಮನೆ ಪಕ್ಕದಲ್ಲಿ ಕೂತಿದ್ದಾರೋ. ಮೊದಲು ಅವರನ್ನು ಒಬ್ಬರೇ ಹೋಗಿ ಭೇಟಿಯಾಗಿ. ಆಸ್ಪತ್ರೆ ಬೇಡ ಎನ್ನುತ್ತಾನಲ್ಲ, ಏಕೆ ಎಂದು ಅವರಿಗೆ ಬಹುಶಃ ಗೊತ್ತಿರುತ್ತದೆ. ಹಿಂದಿನ ಕೇಂದ್ರದಲ್ಲಿ ಕೂಡಿಹಾಕಿದ್ದರೇ, ಕೈಮಾಡಿದ್ದರೇ? ಅಂಥ ಜಾಗಗಳಿವೆ. ಹೊಡೆಯುವ, ಫೋನ್ ಮಾಡಗೊಡದ, ವೈದ್ಯರೇ ಇಲ್ಲದ ಕೇಂದ್ರ ಎಷ್ಟು ಅಗ್ಗವಾದರೂ ಬೇಡ. ಇಲ್ಲವೇ ಬಟ್ಟೆ ಕೊಳೆ, ಕಾಲು ಹುಣ್ಣು, ಹೊರರೋಗಿ ವಿಭಾಗದ ಸಾಲಿನಲ್ಲಿ ಜನ ಮೂಗು ಮುಚ್ಚಿಕೊಳ್ಳುತ್ತಾರೆ ಎಂಬ ನಾಚಿಕೆಯೇ? ಎರಡನೆಯದಾದರೆ ಪರಿಹಾರ ಸುಲಭ: ಸ್ನಾನ, ಒಂದು ಜೊತೆ ಬಟ್ಟೆ, ಜೊತೆಗೊಬ್ಬರು. ಇಷ್ಟರಿಂದಲೇ ಆಸ್ಪತ್ರೆಯ ಮೆಟ್ಟಿಲು ಹತ್ತಿದವರು ನನ್ನ ಬಳಿ ಬಂದಿದ್ದಾರೆ.

ದಾಖಲಾತಿಯ ದಿನ ಗೊತ್ತುಮಾಡುವ ಮೊದಲು ಬಿಡುಗಡೆಯ ದಿನ ಅವನು ಎಲ್ಲಿ ಮಲಗುತ್ತಾನೆ ಎಂಬುದು ಗೊತ್ತಾಗಲಿ. ಆ ಕ್ರಮ ತಪ್ಪಿಸಬೇಡಿ. ಮದ್ಯ ಬಿಟ್ಟವರೇ ಕೂಡಿ ಇರುವ ಮಧ್ಯಂತರ ವಸತಿಯೋ, ತಂಗುದಾಣದಲ್ಲೇ ಹಗಲೂ ಇರಬಹುದಾದ ಒಂದು ಹಾಸಿಗೆಯೋ, ಸಂಸ್ಥೆ ಕೊಡಿಸುವ ಕೋಣೆಯೋ, ಯಾವುದಾದರೂ ಆಗಲಿ. ಖಾಲಿ ಇಲ್ಲದಿದ್ದರೆ ಸರದಿಯಲ್ಲಿ ಹೆಸರು ಬರೆಸಿ, ಆ ಹೊತ್ತಿಗೆ ಹೊಂದುವಂತೆ ದಾಖಲಾತಿಯನ್ನು ಒಂದೆರಡು ವಾರ ಮುಂದಕ್ಕೆ ಹಾಕಿದರೂ ನಷ್ಟವಿಲ್ಲ. ಫಿಟ್ಸ್, ಸನ್ನಿ, ರಕ್ತವಾಂತಿ, ಸಾಯುವ ಮಾತು ಇದ್ದರೆ ಮಾತ್ರ ಯಾವ ಯೋಜನೆಗೂ ಕಾಯದೆ ತುರ್ತು ವಿಭಾಗಕ್ಕೆ.

ಗುರುತಿನ ಚೀಟಿ ಇದೆಯೇ ನೋಡಿ. ಬೀದಿಯಲ್ಲಿ ಮೊದಲು ಕಳೆದುಹೋಗುವುದು ಅದೇ. ಅದಿಲ್ಲದೆ ಬಾಡಿಗೆ ಕರಾರಿಲ್ಲ, ಬ್ಯಾಂಕ್ ಖಾತೆಯಿಲ್ಲ, ಸರ್ಕಾರದ ನೆರವಿಲ್ಲ.

ಹಣ ಕೈಗೆ ಕೊಡಬೇಡಿ, ಊಟ, ಔಷಧ, ಬಸ್ ಚಾರ್ಜು ನೀವೇ ತೆರಿ. ಕೊಡಲ್ಲ ಎಂದು ಒಮ್ಮೆ ಹೇಳಿ ಸುಮ್ಮನಾಗಿ, ಪ್ರತಿ ಸಲ ಉಪದೇಶ ಬೇಡ.

ನೀವು ಅವನೊಡನೆ ಮಾತಾಡುವ ಬಗೆಯಲ್ಲೇ ಚಿಕಿತ್ಸೆಯಿದೆ ಎಂದರೆ ನಂಬುತ್ತೀರಾ? ಅಮೆರಿಕದಲ್ಲಿ 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಚಿಕಿತ್ಸೆಗೆ ಬಾರದ ಕುಡುಕರ ಮನೆಯವರನ್ನು ಮೂರು ಗುಂಪು ಮಾಡಿದರು. ಮನೆಯವರೆಲ್ಲ ಸೇರಿ ಎದುರು ಕೂರಿಸಿ "ಬಿಡುತ್ತೀಯೋ ಇಲ್ಲವೋ" ಎನ್ನುವ ದಾರಿಯಿಂದ ಚಿಕಿತ್ಸೆಗೆ ಬಂದವರು ನೂರಕ್ಕೆ 30. ಕುಡುಕರ ಕುಟುಂಬದವರ ಅಲ್-ಅನಾನ್ ಮಾದರಿಯಲ್ಲಿ 13. ಆ ಮಾದರಿಯ ಗುರಿಯೇ ಬೇರೆ, ಮನೆಯವರ ನೆಮ್ಮದಿ. ಮೂರನೆಯ ಗುಂಪಿಗೆ ಕಲಿಸಿದ್ದು ಹೀಗೆ: ಅವನು ಕುಡಿಯದ ಹೊತ್ತಿನಲ್ಲಿ ಹತ್ತಿರವಿರು, ಕುಡಿದಾಗ ಜಗಳವಾಡದೆ ಎದ್ದು ಹೋಗು, ಕುಡಿತದ ಪರಿಣಾಮವನ್ನು ಅವನ ಪರವಾಗಿ ನೀನು ಒರೆಸಬೇಡ, ಅವನೇ ಬೇಸತ್ತು ಮಾತಾಡಿದ ಗಳಿಗೆಯಲ್ಲಿ ಚಿಕಿತ್ಸೆಯ ಮಾತೆತ್ತು. ಇವರಲ್ಲಿ 64. ನಿಮ್ಮ ಅಣ್ಣ ಈಗ ಅಂಥ ಗಳಿಗೆಯಲ್ಲಿದ್ದಾನೆ. ಆದ್ದರಿಂದ ಭೇಟಿಗೆ ಬೆಳಿಗ್ಗೆಯೇ ಹೋಗಿ, ಸಂಜೆ ಅವನು ಅವನಾಗಿರುವುದಿಲ್ಲ. ಅತ್ತಿಗೆಯ ವಿಷಯ, ಮಕ್ಕಳ ಫೀಸು, ಅಮ್ಮನ ಕಣ್ಣೀರು ಮೊದಲ ಭೇಟಿಗೆ ಬೇಡ. "ಸೋಮವಾರದಿಂದ ಅಂದೆಯಲ್ಲ, ಏನನ್ನಿಸಿ ಹಾಗಂದೆ?" ಎಂದು ಕೇಳಿ ಸುಮ್ಮನೆ ಕೂತುಕೊಳ್ಳಿ. ಬಿಡಲು ಕಾರಣಗಳನ್ನು ನೀವು ಹೇಳಿದರೆ ಅವನು ಬಿಡದಿರಲು ಕಾರಣ ಹುಡುಕುತ್ತಾನೆ. ಅವನ ಬಾಯಿಂದಲೇ ಬಂದರೆ ಆ ಕಾರಣ ಅವನದಾಗುತ್ತದೆ.

ಹೊರಬಂದ ಮೇಲೆ ಮೊದಲ ಮೂರು ತಿಂಗಳು ನಿದ್ದೆ ಸರಿಯಿರುವುದಿಲ್ಲ, ಸಿಡಿಮಿಡಿ ಇರುತ್ತದೆ. ಆಪ್ತಸಮಾಲೋಚಕರ ಭೇಟಿ ವಾರಕ್ಕೊಮ್ಮೆ ಇರಲಿ. ಮದ್ಯವ್ಯಸನಿಗಳೇ ನಡೆಸುವ ಎ.ಎ. (ಆಲ್ಕೊಹಾಲಿಕ್ಸ್ ಅನಾನಿಮಸ್) ಸಭೆಗಳಿಗೆ ಒಂದೆರಡು ಸಲ ಹೋಗಿ ನೋಡಲಿ. ದೇವರ ಮಾತು ಹೆಚ್ಚು ಎಂದು ಕೆಲವರು ಮೂಗು ಮುರಿಯುತ್ತಾರೆ, ಆದರೆ 1935ರಲ್ಲಿ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಆಸರೆಯಾಗಿ ಶುರುಮಾಡಿದ್ದು ಇಂದಿಗೂ ನಡೆಯುತ್ತಿರುವುದು ಸುಮ್ಮನೆ ಅಲ್ಲ. ಜಗಲಿಯ ಗೆಳೆಯರನ್ನು ಬಿಟ್ಟವನಿಗೆ ಸಂಜೆ ಆರರಿಂದ ಎಂಟರವರೆಗೆ ಹೋಗಲು ಬೇರೊಂದು ಜಾಗ ಬೇಕು, ಅಲ್ಲಿ ಅವನ ಕಥೆ ಕೇಳಿ ಯಾರೂ ಹುಬ್ಬೇರಿಸಬಾರದು. ನಡುವೆ ಒಂದು ದಿನ ಕುಡಿದುಬಂದರೆ ಅಂದೇ ಆ ಕಾರ್ಯಕರ್ತೆಗೆ ಫೋನ್ ಮಾಡಲಿ. ಚಿಕಿತ್ಸೆಯ ನಂತರದ ವರ್ಷದಲ್ಲಿ ನೂರಕ್ಕೆ 40ರಿಂದ 60 ಮಂದಿ ಮತ್ತೆ ಮುಟ್ಟುತ್ತಾರೆ, ರಕ್ತದೊತ್ತಡದವರಲ್ಲಿ ಕಾಯಿಲೆ ಮತ್ತೆ ಮರುಕಳಿಸುವುದೂ ಇದಕ್ಕಿಂತ ಕಡಿಮೆಯೇನಲ್ಲ. ವಸತಿಗೆ ಸೇರುವಾಗಲೇ ಅಲ್ಲಿಯವರಿಗೆ ಒಂದು ಪ್ರಶ್ನೆ ಕೇಳಿಡಿ: "ಒಮ್ಮೆ ಕುಡಿದರೆ ಕೋಣೆ ಖಾಲಿ ಮಾಡಿಸುತ್ತೀರಾ?" ಹೌದು ಎಂದರೆ, ಆ ದಿನ ಎಲ್ಲಿಗೆ ಎಂಬ ಎರಡನೇ ವಿಳಾಸವೂ ನಿಮ್ಮ ಬಳಿ ಇರಬೇಕು.

ಕೊನೆಗೆ ಆ ಪೆಟ್ಟಿಗೆ. ಅವನು ಕೇಳಿದ್ದು ಹಣವನ್ನಲ್ಲ, ಸಾಮಾನನ್ನು. ಅದು ನನಗೆ ಖುಷಿ ಕೊಟ್ಟಿತು, ಆದರೂ ಈಗಲೇ ಕೊಡಬೇಡಿ. ತಂಗುದಾಣದಲ್ಲಿ ಅದು ಒಂದು ರಾತ್ರಿ ಉಳಿಯುವುದಿಲ್ಲ. ಕದಿಯದಿದ್ದರೆ ಕೈ ನಡುಗುವ ಯಾವುದೋ ಬೆಳಿಗ್ಗೆ ಅವನೇ ಮಾರುತ್ತಾನೆ. ಸರ್ಟಿಫಿಕೇಟುಗಳ ಜೆರಾಕ್ಸ್ ಮಾಡಿಸಿ ಒಂದು ಪ್ರತಿ ಅವನಿಗೂ ಒಂದು ಕಾರ್ಯಕರ್ತೆಗೂ ಕೊಡಿ. ಪೆಟ್ಟಿಗೆಯನ್ನು ತೆರೆದು, ಟೆಸ್ಟರು, ಕಟಿಂಗ್ ಪ್ಲೈಯರು ತುಕ್ಕು ಹಿಡಿದಿದ್ದರೆ ಎಣ್ಣೆ ಹಚ್ಚಿ ಒರೆಸಿಡಿ, ಹಾಗೆ ಒರೆಸಿಟ್ಟಿದ್ದೇನೆ ಎಂದು ಅವನಿಗೆ ಹೇಳಿ. ನಡುಕ ನಿಂತು ಕೆಲವು ತಿಂಗಳಾಗುವವರೆಗೆ, ಫಿಟ್ಸ್ ಬಂದ ಚರಿತ್ರೆ ಇದ್ದರೆ ವೈದ್ಯರು ಒಪ್ಪುವವರೆಗೆ, ಏಣಿ ಹತ್ತುವ ವೈರಿಂಗ್ ಕೆಲಸ ಬೇಡ. ಒಳಗಿನಿಂದ ಚಿಲಕ, ಹೊರಗಿನಿಂದ ಬೀಗ ಹಾಕಬಹುದಾದ ಬಾಗಿಲೊಂದು ಅವನ ಹೆಸರಿಗೆ ಬಂದ ದಿನ ಪೆಟ್ಟಿಗೆಯನ್ನು ನೀವೇ ಹೊತ್ತುಕೊಂಡು ಹೋಗಿ ಕೊಡಿ.